ಬಡ ಮನೆಗಳಿಗೆ ನಲ್ಲಿ, ಶೌಚಾಲಯಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? ಇದಕ್ಕೂ ಸಾಲ ಕೊಡುವುದು ಸರಿಯಾ?

ನಮ್ಮ ಹಳ್ಳಿಗಳ ಮಟ್ಟಿಗೆ ಹೇಳುವುದಾದರೆ, ಹೆಚ್ಚಿನ ದುಡ್ಡು ಸರ್ಕಾರದ್ದೇ. ಮನೆ ಮನೆಗೆ ನಲ್ಲಿ ಹಾಕಿಸಲು 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಕರ್ನಾಟಕದಂಥ ರಾಜ್ಯಗಳಿಗೆ ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ. ಶೌಚಾಲಯಕ್ಕೆ ಸ್ವಚ್ಛ ಭಾರತ ಯೋಜನೆಯಲ್ಲಿ ಅರ್ಹ ಮನೆಗೆ 12,000 ರೂಪಾಯಿ.

ತೊಡಕು ಇರುವುದು ಇಲ್ಲೇ. ಆ 12,000 ಸಾಮಾನ್ಯವಾಗಿ ಕೈಗೆ ಬರುವುದು ಕಟ್ಟಿಸಿ, ಫೋಟೋ ತೆಗೆಸಿದ ಮೇಲೆ. ಆದರೆ ಗುಂಡಿ ತೋಡಿದವರ ಕೂಲಿ, ಸಿಮೆಂಟ್ ರಿಂಗು, ಗಾರೆಯವರ ದುಡ್ಡು ಎಲ್ಲಾ ಮೊದಲೇ ಕೊಡಬೇಕಲ್ವಾ? ದಿನಗೂಲಿ ಮನೆಯವರು ಏನು ಮಾಡಬೇಕು? ಮೀಟರ್ ಬಡ್ಡಿಗೆ ಕೈ ಚಾಚುತ್ತಾರೆ, ಇಲ್ಲವೇ ಗುಂಡಿ ತೋಡಿ ಸುಮ್ನೆ ಬಿಡುತ್ತಾರೆ.

ಸಣ್ಣ ಸಾಲ ಕೆಲಸಕ್ಕೆ ಬರುವುದು ಈ ನಡುವಿನ ಹೊತ್ತಿನಲ್ಲಿ. ಗ್ಯಾರಿ ವೈಟ್ ಮತ್ತು ನಟ ಮ್ಯಾಟ್ ಡೇಮನ್ ಸೇರಿ 2009ರಲ್ಲಿ ಕಟ್ಟಿದ ವಾಟರ್ ಡಾಟ್ ಆರ್ಗ್ ಎಂಬ ಸೇವಾ ಸಂಸ್ಥೆ ಕೆಲಸ ಮಾಡುವುದು ಇಲ್ಲೇ. ಮನೆಗಳಿಗೆ ತಾನೇ ಸಾಲ ಕೊಡುವುದಿಲ್ಲ. ನಲ್ಲಿಗೆ, ಶೌಚಾಲಯಕ್ಕೆ ಸಾಲ ಕೊಡುವಂತೆ ಕಿರುಸಾಲ ಸಂಸ್ಥೆಗಳನ್ನು ಸಜ್ಜು ಮಾಡುತ್ತದೆ. ದುಡಿಮೆ ಇರುವ ಮನೆಗೆ ಇದು ಸರಿ. ಒಂಟಿ ಮುದುಕಿಯ ತಲೆಗೆ ಕಂತು ಕಟ್ಟುವುದು ಮಾತ್ರ ತಪ್ಪು, ಅಲ್ಲಿ ಸಹಾಯಧನವೇ ಆಗಬೇಕು.

ಇನ್ನು ನಲ್ಲಿ ಹಾಕಿಸುವುದಕ್ಕಿಂತ ಅದರಲ್ಲಿ ನೀರು ಬರಿಸುವುದೇ ಕಷ್ಟ. ಕರೆಂಟ್ ಬಿಲ್, ನೀರುಗಂಟಿಯ ಸಂಬಳ ತಿಂಗಳು ತಿಂಗಳು ಬೇಕು. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟರೆ ಅದನ್ನು ಮೇಲೆತ್ತಿ ರಿವೈಂಡಿಂಗ್ ಮಾಡಿಸಬೇಕು. ಉದ್ಘಾಟನೆಯ ದಿನ ಈ ಲೆಕ್ಕ ಯಾರೂ ಕೇಳುವುದಿಲ್ಲ. ಪಂಚಾಯ್ತಿಗೆ ನೀರಿನ ಕರ ಸರಿಯಾಗಿ ಬರದಿದ್ದರೆ ಮೋಟಾರ್ ಅಂಗಡಿಯಲ್ಲೇ ಕೂರುತ್ತದೆ, ಕೊಡಗಳು ಮತ್ತೆ ಸಾಲು ನಿಲ್ಲುತ್ತವೆ.