ಕೆಲಸ ಬಿಡದೆ ಎಂಸಿಎ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಿ.ಕಾಂ. ಮುಗಿದು ಒಂಬತ್ತು ವರ್ಷವಾಯಿತು, ಪಿಯುಸಿಯಲ್ಲಿ ಗಣಿತ ಇತ್ತು. ಸಂಬಳ ಬಿಡುವಂತಿಲ್ಲ. ಸಾಫ್ಟ್‌ವೇರ್ ಕಲಿಯಲು ದೂರಶಿಕ್ಷಣದ ಎಂಸಿಎ ಆದೀತೆ?
– ಓದುಗರು, ದಾವಣಗೆರೆ

ಉತ್ತರ: ಆಗುತ್ತದೆ. ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಎಂಸಿಎ ಎರಡು ವರ್ಷದ್ದು, ನಾಲ್ಕು ಸೆಮಿಸ್ಟರ್. ಮುಗಿಸಲು ನಾಲ್ಕು ವರ್ಷದವರೆಗೆ ಅವಕಾಶವಿದೆ. ಪಿಯುಸಿಯಲ್ಲಿ ಓದಿರುವುದರಿಂದ ಗಣಿತದ ಅರ್ಹತೆ ನಿಮಗಿದೆ. ಪದವಿಯಲ್ಲಿ ಕಂಪ್ಯೂಟರ್ ಇರದ ಕಾರಣ ಕಂಪ್ಯೂಟರಿನ ಮೂಲಪಾಠ ಕಲಿಸುವ ಬ್ರಿಡ್ಜ್ ಕೋರ್ಸನ್ನೂ ಮುಗಿಸಬೇಕು. ಅದನ್ನು ಹೊರೆ ಎಂದುಕೊಳ್ಳಬೇಡಿ, ನಿಮ್ಮ ತಳಪಾಯ ಗಟ್ಟಿಯಾಗುವುದು ಅಲ್ಲೇ.

ಯಾವ ವಿಶ್ವವಿದ್ಯಾಲಯವಾದರೂ ಶುಲ್ಕ ಕಟ್ಟುವ ಮುಂಚೆ ಯುಜಿಸಿಯ ದೂರಶಿಕ್ಷಣ ವಿಭಾಗದ (ಡಿಇಬಿ) ಪಟ್ಟಿ ನೋಡಿ. ವಿಶ್ವವಿದ್ಯಾಲಯದ ಹೆಸರಿದ್ದರೆ ಸಾಲದು. ನೀವು ಸೇರುವ ಕೋರ್ಸಿಗೆ, ಸೇರುವ ಅವಧಿಗೇ ಮಾನ್ಯತೆ ಇರಬೇಕು. ಈಗ ಪ್ರವೇಶಕ್ಕೆ ಡಿಇಬಿ ಐಡಿ ಬೇಕು. ಅದಕ್ಕೂ ಮೊದಲು ಎಬಿಸಿ ಐಡಿ (ನಿಮ್ಮ ಕ್ರೆಡಿಟ್‌ಗಳನ್ನು ಜಮಾ ಇಡುವ ಖಾತೆಯ ಸಂಖ್ಯೆ) ಮಾಡಿಸಿಕೊಳ್ಳಿ. ಎಂಸಿಎ ಲ್ಯಾಬ್ ನಡೆಸುವ ಅಧ್ಯಯನ ಕೇಂದ್ರ ಯಾವ ಊರಲ್ಲಿದೆ ಎಂದೂ ವಿಚಾರಿಸಿ. ಲ್ಯಾಬಿಗೆ ಹಾಜರಿ ಬೇಕೇ ಬೇಕು, ಅದು ಮನೆಯಲ್ಲಿ ಕೂತು ಮುಗಿಯುವಂಥದ್ದಲ್ಲ.

ಅಂಕ ಹಂಚಿಕೆ: ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70. ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ. ನಿಮಗೆ ತೊಡಕಾಗುವುದು ಇಲ್ಲೇ. ಅಕ್ಟೋಬರಿನಿಂದ ಹೊಸ ಮೆಕ್ಕೆಜೋಳದ ಆವಕ ಜೋರಾಗುತ್ತದೆ, ರಾತ್ರಿ ಒಂಬತ್ತಾದರೂ ಚೀಟಿ ಬರೆಯುವುದು ಮುಗಿಯುವುದಿಲ್ಲ. ಆದ್ದರಿಂದ ಡಿಸೆಂಬರಿಗೆ ಎರಡೇ ಪತ್ರಿಕೆ ಬರೆಯಿರಿ, ಉಳಿದವು ಜೂನಿಗಿರಲಿ. ಮೂರು ವರ್ಷದ ಲೆಕ್ಕ ಹಾಕಿಕೊಂಡರೆ ವಾರಕ್ಕೆ ಸುಮಾರು 16 ಗಂಟೆ ಬೇಕು. ಹಳೇ ಅವಧಿಯ ಪ್ರಶ್ನೆಗಳಿಗೆ ಅಸೈನ್‌ಮೆಂಟ್ ಬರೆದು ಕೊಟ್ಟವರ ಶ್ರಮವೆಲ್ಲ ನೀರುಪಾಲಾಗುತ್ತದೆ. ಆಯಾ ಅವಧಿಯದನ್ನೇ ಇಳಿಸಿಕೊಳ್ಳಿ.

ಸಾಫ್ಟ್‌ವೇರ್ ವಿನ್ಯಾಸ ಕಲಿಯಲು ನಿಮ್ಮ ಮಂಡಿಯ ತೂಕದ ಚೀಟಿಗಿಂತ ಒಳ್ಳೆಯ ಪಾಠ ಬೇಡ. ಹೊಸಬರು ತೂಕ ಓದುವುದು, ಹಮಾಲಿ ಕಳೆಯುವುದು, ಚೀಟಿ ಮುದ್ರಿಸುವುದು ಎಲ್ಲವನ್ನೂ ಒಂದೇ ಫಂಕ್ಷನ್ನಿನಲ್ಲಿ (ಒಂದು ಕೆಲಸಕ್ಕೆಂದು ಬರೆಯುವ ಕೋಡಿನ ತುಂಡು) ತುರುಕುತ್ತಾರೆ. ಹಮಾಲಿ ದರ ಬದಲಾದ ದಿನ ಅದನ್ನು ತಿದ್ದಲು ಹೋದರೆ ಮುದ್ರಣ ಕೆಡುತ್ತದೆ. ಮೂರನ್ನೂ ಬೇರೆ ಬೇರೆ ಮಾಡಿ, ದರವನ್ನು ಕೋಡಿನೊಳಗೆ ಬರೆಯದೆ ದಿನಾಂಕದ ಸಮೇತ ಡೇಟಾಬೇಸಿನ ಟೇಬಲ್ಲಿನಲ್ಲಿಡಿ. ಆಗ ಹೋದ ತಿಂಗಳ ಚೀಟಿಯನ್ನು ಮತ್ತೆ ತೆಗೆದರೂ ಹಳೇ ದರವೇ ಬರುತ್ತದೆ. ದುಡ್ಡನ್ನು ಫ್ಲೋಟಿನಲ್ಲಿ (ದಶಾಂಶ ಸಂಖ್ಯೆ ಇಡುವ ಬಗೆ) ಇಡಲೇಬೇಡಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1 + 0.2 ಕೂಡಿಸಿ ನೋಡಿ, 0.30000000000000004 ಎಂದು ಬರುತ್ತದೆ. ಕಂಪ್ಯೂಟರ್ ಎರಡರ ಪದ್ಧತಿಯಲ್ಲಿ ಎಣಿಸುವುದರಿಂದ 0.1 ಅದಕ್ಕೆ ಕರಾರುವಾಕ್ಕಾಗಿ ಸಿಗುವುದಿಲ್ಲ. ಪೈಸೆ ಲೆಕ್ಕದಲ್ಲಿ ಪೂರ್ಣಾಂಕವಾಗಿಡಿ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೂ ಇದನ್ನೇ ಬೆಳೆಸಬಹುದು. ‘ಲೈಬ್ರರಿ ಮ್ಯಾನೇಜ್‌ಮೆಂಟ್’ ಎಂಬ ಸವೆದ ವಿಷಯ ಹಿಡಿದರೆ ವೈವಾದಲ್ಲಿ (ಮೌಖಿಕ ಪರೀಕ್ಷೆ) ಹೇಳಲು ನಿಮ್ಮದೇ ಮಾತಿರುವುದಿಲ್ಲ.

ಪ್ರಶ್ನೆ: ಬಿ.ಇ. ಆಗಿದೆ. ಚಿತ್ರದುರ್ಗದ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತೇನೆ. ದೂರಶಿಕ್ಷಣದಲ್ಲಿ ಎಂ.ಟೆಕ್. ಕೊಡಿಸುತ್ತೇವೆ ಎಂದು ಏಜೆಂಟರೊಬ್ಬರು ಹೇಳುತ್ತಾರೆ. ಸೇರಲೇ?
– ಓದುಗರು, ಚಿತ್ರದುರ್ಗ

ಉತ್ತರ: ಬೇಡ. ಎಂಜಿನಿಯರಿಂಗ್ ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡಲು ಯುಜಿಸಿ ನಿಯಮದಲ್ಲಿ ಅವಕಾಶವಿಲ್ಲ. ಅದರ ಬದಲು ನೌಕರಿಯಲ್ಲಿರುವವರಿಗೆಂದೇ ಬಿಟ್ಸ್ ಪಿಲಾನಿ ನಡೆಸುವ ಎಂ.ಟೆಕ್. ಇದೆ: ನಾಲ್ಕು ಸೆಮಿಸ್ಟರ್, ಕೊನೆಯದು ಪ್ರಬಂಧಕ್ಕೆ. ಒಂದು ವರ್ಷದ ಅನುಭವ ಕೇಳುತ್ತಾರೆ.

ಅದಕ್ಕೆ ಹಣ ಹಾಕುವ ಮೊದಲು ಎನ್‌ಪಿಟಿಇಎಲ್‌ನ (ಐಐಟಿಗಳು ನಡೆಸುವ ಆನ್‌ಲೈನ್ ಪಾಠಗಳ ತಾಣ) 12 ವಾರದ ಒಂದು ವಿಷಯ ಓದಿ, ನಿಮ್ಮ ಬಿಡುವು ಎಷ್ಟೆಂದು ಅಳೆದುಕೊಳ್ಳಿ. ಪಾಠ ಉಚಿತ. 12 ಅಸೈನ್‌ಮೆಂಟುಗಳಲ್ಲಿ ಹೆಚ್ಚು ಅಂಕದ 8 ಲೆಕ್ಕಕ್ಕೆ ಬರುತ್ತವೆ. ಪ್ರಮಾಣಪತ್ರಕ್ಕೆ ಅಸೈನ್‌ಮೆಂಟಿನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30 ಬರಬೇಕು. ಕೋರ್ಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಹೋಗುವುದಿಲ್ಲ. ಅದಕ್ಕೆ ಬೇರೆ ನೋಂದಣಿ, ಬೇರೆ ಶುಲ್ಕ. ಪಾಠವೆಲ್ಲ ಕೇಳಿಯೂ ಪ್ರಮಾಣಪತ್ರ ಕೈತಪ್ಪುವುದು ಹೆಚ್ಚಾಗಿ ಇದರಿಂದಲೇ. ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕು, ಆ ದಿನದ ರಜೆ ಈಗಲೇ ಹೇಳಿಟ್ಟಿರಿ.