ಸ್ಟೆಂಟ್ ಹಾಕಿ 8 ತಿಂಗಳಾಯ್ತು, ಶುಗರ್ ಇದೆ, ಆದರೆ ಎದೆನೋವಿಲ್ಲ. ಮತ್ತೆ ಬ್ಲಾಕ್ ಆಗಿಲ್ಲ ಅಂತ ತಾನೇ ಅರ್ಥ?

ಅಲ್ಲ. ನಾನೂ ಹೀಗೇ ಅಂದುಕೊಂಡು ಎದೆನೋವಿಗಾಗಿ ಕಾದೆ. ಅದೇ ತಪ್ಪಾಯ್ತು.

ಶುಗರ್ ಹಳೆಯದಾದಂತೆ ಹೃದಯದ ನೋವು ತಿಳಿಸುವ ನರಗಳು ಮಂಕಾಗುತ್ತವೆ. ರಕ್ತ ಸಾಲದೆ ಹೃದಯ ಒದ್ದಾಡುತ್ತಿದ್ದರೂ ನೋವು ಗೊತ್ತಾಗದೇ ಇರಬಹುದು. ನನಗೆ ಕಂಡದ್ದು ಒಂದೇ: ದಿನಾ ಹತ್ತುತ್ತಿದ್ದ ಮೆಟ್ಟಿಲಲ್ಲಿ ಅರ್ಧಕ್ಕೇ ಕಂಬಿ ಹಿಡಿದು ನಿಂತು ಉಸಿರು ತಗೊಳ್ಳಬೇಕಾಗುತ್ತಿತ್ತು. ವಯಸ್ಸು, ಗ್ಯಾಸ್ ಅಂತ ಎರಡು ತಿಂಗಳು ದೂಡಿದೆ. ಆಂಜಿಯೋಗ್ರಾಮ್ ಮಾಡಿದಾಗ ಸ್ಟೆಂಟ್ ಒಳಗೇ ಶೇ. 80 ಮುಚ್ಚಿತ್ತು.

ಇದು ಹಳೇ ಕೊಬ್ಬು ವಾಪಸ್ ಬಂದದ್ದಲ್ಲ. ಸ್ಟೆಂಟ್ ಕೂರಿಸಲು ಬಲೂನು ಹಿಗ್ಗಿಸಿದಾಗ ನಾಳದ ಗೋಡೆಗೆ ಗಾಯವಾಗುತ್ತದೆ. ಅದು ಮಾಯುವಾಗ ಗೋಡೆಯ ಸ್ನಾಯುಕೋಶಗಳು ಸ್ಟೆಂಟ್ ಎಂಬ ಲೋಹದ ಬಲೆಯ ಕಣ್ಣುಗಳ ಮೂಲಕ ಒಳಕ್ಕೆ ಬೆಳೆಯುತ್ತವೆ. ಏರಿದ ಶುಗರ್ ಮತ್ತು ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದಿರುವುದು) ಆ ಬೆಳವಣಿಗೆಗೆ ಗೊಬ್ಬರ. ಸಾಲದ್ದಕ್ಕೆ ನಮ್ಮಂಥವರ ನಾಳಗಳೂ ಸಣ್ಣವು. 2.5 ಮಿ.ಮೀ. ನಾಳದಲ್ಲಿ ಸುತ್ತಲೂ ಅರ್ಧ ಮಿ.ಮೀ. ಬೆಳೆದರೆ ಉಳಿಯುವುದು 1.5, ರಕ್ತ ಹರಿಯುವ ಜಾಗ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಔಷಧ ಲೇಪಿಸಿದ ಸ್ಟೆಂಟ್ ಇದನ್ನು ಬಹಳ ತಗ್ಗಿಸಿದೆ, ಆದರೂ ಶುಗರ್ ಇರುವವರಲ್ಲಿ ಅಪಾಯ ಉಳಿದವರಿಗಿಂತ ಹೆಚ್ಚೇ. ಸಾಮಾನ್ಯವಾಗಿ ಮೊದಲ ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ, ನೀವು ಈಗ ಅದೇ ಅವಧಿಯಲ್ಲಿದ್ದೀರಿ.

ಸ್ಟೆಂಟ್ ಹಾಕಿದ ಮೇಲೆ ಕೊಡುವ ಕ್ಲೊಪಿಡೊಗ್ರೆಲ್ ಮಾತ್ರೆ ಈ ಬೆಳವಣಿಗೆಯನ್ನು ತಡೆಯುವುದಿಲ್ಲ. ಅದು ತಡೆಯುವುದು ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟುವುದನ್ನು. ಅದು ಬೇರೆಯದೇ ಅಪಾಯ, ದಿಢೀರ್ ಜೀವ ತೆಗೆಯುವಂಥದ್ದು. ಹಲ್ಲು ಕೀಳಿಸಲು ಹೋದರೂ ಹೃದ್ರೋಗ ವೈದ್ಯರನ್ನು ಕೇಳದೆ ಆ ಮಾತ್ರೆ ನಿಲ್ಲಿಸಬೇಡಿ.

ಮತ್ತೆ ಬ್ಲಾಕ್ ಸಿಕ್ಕರೆ, ಇನ್ನೊಂದು ಸ್ಟೆಂಟ್‌ಗೆ ಒಪ್ಪುವ ಮುನ್ನ ನಾಳದೊಳಗಿನ ಅಲ್ಟ್ರಾಸೌಂಡ್ ಮಾಡ್ತೀರಾ ಅಂತ ಕೇಳಿ. ಮೊದಲ ಸ್ಟೆಂಟ್ ಪೂರ್ತಿ ಅರಳದೇ ಇದ್ದರೆ ಅದರ ಮೇಲೆ ಇನ್ನೊಂದನ್ನು ಹಾಕಿ ಏನು ಪ್ರಯೋಜನ? ಔಷಧ ಲೇಪಿತ ಬಲೂನೂ ಇದೆ. ಎರಡು ಮೂರು ನಾಳ ಕೆಟ್ಟಿದ್ದರೆ ಬೈಪಾಸ್ ಮಾತೆತ್ತಿ. 1900 ಶುಗರ್ ರೋಗಿಗಳ ಫ್ರೀಡಂ ಅಧ್ಯಯನದಲ್ಲಿ (2012) ಸ್ಟೆಂಟ್‌ಗಿಂತ ಬೈಪಾಸ್ ಆದವರೇ ಹೆಚ್ಚು ಬದುಕಿದರು.

ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 7ರ ಆಸುಪಾಸಿಗೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 55ರ ಕೆಳಗೆ ತನ್ನಿ. ಮೊನ್ನೆ ಸಲೀಸಾಗಿ ಮಾಡಿದ ಕೆಲಸಕ್ಕೆ ಇವತ್ತು ಏದುಸಿರು ಬಂದರೆ ಆ ವಾರವೇ ವೈದ್ಯರನ್ನು ಕಾಣಿ. ಕೂತಲ್ಲೇ ಉಸಿರು ಕಟ್ಟಿದರೆ, ತಣ್ಣಗೆ ಬೆವರಿದರೆ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ, "ಸ್ಟೆಂಟ್ ಇದೆ, ಶುಗರ್ ಇದೆ, ಇಸಿಜಿ ತೆಗೀರಿ" ಅಂತ ಬಾಗಿಲಲ್ಲೇ ಹೇಳಿ.