ಆ ಬಿಳಿ ಎಳೆಗಳನ್ನು ಕೊಲ್ಲಬೇಡಿ

ಒಣ ಎಲೆ ಹೊದಿಸಿದ ಮಣ್ಣಲ್ಲಿ ಬಿಳಿ ಎಳೆ ಕಾಣಿಸಿದೆ, ಶಿಲೀಂಧ್ರನಾಶಕ ಸುರಿಯಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಎಲೆಗಳ ನಡುವೆ ಹಬ್ಬಿದ್ದರೆ ಅದು ಸಾಮಾನ್ಯವಾಗಿ ಎಲೆ ಕೊಳೆಸಿ ಗೊಬ್ಬರ ಮಾಡುವ ಶಿಲೀಂಧ್ರ. ನನಗಂತೂ ಅದನ್ನು ಕಂಡರೆ ಖುಷಿ. ಬೇರಿನ ಜೊತೆ ಬಾಳುವ ಇನ್ನೊಂದು ಬಗೆಯೂ ಇದೆ, ಮೈಕೊರೈಜಾ ಅಂತ. ಬೇರು ತಲುಪದ ಕಡೆಯಿಂದ ರಂಜಕ (ಫಾಸ್ಫರಸ್), ನೀರು ತಂದುಕೊಡುತ್ತದೆ. ಬದಲಿಗೆ ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ನಾಶಕ ಸುರಿದರೆ ಇದಕ್ಕೂ ಪೆಟ್ಟು ಬೀಳಬಹುದು, ಅಲ್ವಾ? ರಂಜಕದ ಗೊಬ್ಬರ ಜಾಸ್ತಿಯಾದರೂ ಇದು ಸೊರಗುತ್ತದೆ. ಸುಮ್ನೆ ಮಣ್ಣು ಕೆದಕಬೇಡಿ, ಎಳೆಗಳು ಹರಿಯುತ್ತವೆ. ತೇವ ಇರಲಿ, ನೀರು ನಿಲ್ಲದಿರಲಿ.

ಒಂದು ಮಾತ್ರ ನೋಡಿಕೊಳ್ಳಿ. ಕಾಂಡದ ಬುಡ ಕೊಳೆತು, ಅಲ್ಲಿ ಸಾಸಿವೆಯಂಥ ಕಂದು ಕಾಳುಗಳಿದ್ದರೆ ಅದು ರೋಗ. ಆ ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದುಬಿಡಿ.